ಬೆಟ್ಟ ಇಳಿದ ಮೂರನೇ ದಿನ ಕಾಲು ಯಾಕೆ ನೋಯುತ್ತದೆ

ಕಳೆದ ಡಿಸೆಂಬರಿನ ಒಂದು ಭಾನುವಾರ ತಡಿಯಂಡಮೋಳ್ ಹತ್ತಿದೆ. 1748 ಮೀಟರ್. ಕೊಡಗಿನಲ್ಲಿ ಇದಕ್ಕಿಂತ ಎತ್ತರದ ಬೆಟ್ಟ ಇಲ್ಲ. ಕಕ್ಕಬ್ಬೆ ಹತ್ತಿರದ ನಾಲ್ಕುನಾಡು ಅರಮನೆ ಬಳಿಯಿಂದ ನಡಿಗೆ ಶುರು ಮಾಡಿದೆವು. ಜೊತೆಗಿದ್ದವನು ಪಕ್ಕದ ತೋಟದಲ್ಲಿ ಕೆಲಸ ಮಾಡುವ ಹುಡುಗ. ನಾನೋ ವಾರವಿಡೀ ಮಡಿಕೇರಿಯಲ್ಲಿ ಕುರ್ಚಿ ಬಿಸಿ ಮಾಡುವವನು. ಕೊನೆಯ ಕಡಿದಾದ ಏರಿನಲ್ಲಿ ಹತ್ತು ಹೆಜ್ಜೆಗೊಮ್ಮೆ ನಿಂತು ಏದುಸಿರು ಬಿಟ್ಟೆ. ಇಳಿಯುವಾಗ ಮಾತ್ರ ಹಾಯಾಗಿತ್ತು. ಹರಟೆ ಹೊಡೆಯುತ್ತಾ ಇಳಿದೆವು.

ಸೋಮವಾರ ತೊಡೆ ಸ್ವಲ್ಪ ಬಿಗಿಯಾಗಿತ್ತು, ಅಷ್ಟೆ. ಮಂಗಳವಾರ ಬೆಳಿಗ್ಗೆ ಜಗಲಿಯ ಮೂರು ಮೆಟ್ಟಿಲು ಇಳಿಯಲು ಆಗಲಿಲ್ಲ. ಕಂಬ ಹಿಡಿದು, ಏಡಿಯ ಹಾಗೆ ಅಡ್ಡಡ್ಡ ಕಾಲಿಟ್ಟು ಇಳಿದೆ. ವಿಚಿತ್ರ ಅಂದರೆ ಅದೇ ಮೆಟ್ಟಿಲು ವಾಪಸ್ ಹತ್ತುವಾಗ ಅಷ್ಟೇನೂ ಕಷ್ಟ ಆಗಲಿಲ್ಲ. ಬೇಲಿ ಆಚೆ ಹುಡುಗ ನಿಂತು ನೋಡುತ್ತಿದ್ದ. "ಏನಣ್ಣ, ಇಳಿಯೋದೇ ಕಷ್ಟ ಆಯ್ತಾ?" ಎಂದು ನಕ್ಕ. ಅವನು ಅಷ್ಟು ಹೊತ್ತಿಗೆ ಎರಡು ಚೀಲ ಕಾಫಿ ಹಣ್ಣು ಹೊತ್ತು, ಇಳಿಜಾರು ಇಳಿದು, ಕಣಕ್ಕೆ ಸುರಿದು ಬಂದಿದ್ದ.

ಏದುಸಿರು ಬಂದದ್ದು ಹತ್ತುವಾಗ. ಹಾಗಿದ್ದರೆ ಸುಲಭವಾಗಿದ್ದ ಇಳಿಯುವ ಕೆಲಸವೇ ಕಾಲನ್ನು ಕೆಡಿಸಿತೇ? ನೋವು ಬರಲು ಎರಡು ದಿನ ಯಾಕೆ ಬೇಕಾಯಿತು? ಅದೇ ದಾರಿ ನಡೆದ ಅವನಿಗೆ ಏನೂ ಆಗಲಿಲ್ಲವಲ್ಲ? ಇದಕ್ಕೆ ಉತ್ತರ ಬೇಕಾದರೆ ಸ್ನಾಯುವಿನ ಒಳಗೆ ಇಳಿಯಬೇಕು.

ಮೊದಲು ಒಂದು ವಿಷಯ. ಸ್ನಾಯುವಿಗೆ ಗೊತ್ತಿರುವುದು ಎಳೆಯುವುದು ಮಾತ್ರ. ದೂಡಲು ಬರುವುದಿಲ್ಲ. ಮಳೆಗಾಲದಲ್ಲಿ ಕೆಸರಿಗೆ ಹೂತ ಜೀಪನ್ನು ನಾವು ದೂಡುತ್ತೇವಲ್ಲ, ಆಗಲೂ ತೋಳಿನ ಹಿಂಭಾಗದ ಸ್ನಾಯು ಮೊಣಕೈ ಮೂಳೆಯನ್ನು ಎಳೆಯುತ್ತಿರುತ್ತದೆ. ಆ ಎಳೆತಕ್ಕೆ ಕೈ ನೆಟ್ಟಗಾಗುತ್ತದೆ, ಜೀಪು ಮುಂದೆ ಹೋಗುತ್ತದೆ. ಒಂದು ಚೊಂಬು ನೀರು ಎತ್ತಿ, ಇನ್ನೊಂದು ಕೈಯಿಂದ ತೋಳನ್ನು ಮುಟ್ಟಿ ನೋಡಿ. ಎತ್ತುವಾಗ ಮುಂದಿನ ಸ್ನಾಯು ಉಬ್ಬಿ ಗಟ್ಟಿಯಾಗುತ್ತದೆ. ಮೇಜನ್ನು ಕೆಳಕ್ಕೆ ಒತ್ತಿದರೆ ಹಿಂದಿನದು ಗಟ್ಟಿಯಾಗುತ್ತದೆ. ಒಬ್ಬ ಮಡಚುವವನು, ಒಬ್ಬ ಬಿಡಿಸುವವನು. ಮೈಯಲ್ಲಿ 600ಕ್ಕೂ ಹೆಚ್ಚು ಇಂಥ ಸ್ನಾಯುಗಳಿವೆ. ತೂಕದ ಲೆಕ್ಕದಲ್ಲಿ ನಮ್ಮ ಮೈಯ ಸುಮಾರು ಶೇ 40 ಭಾಗ ಇವೇ. ಇವು ಗಟ್ಟಿ ಹುರಿಗಳ ಮೂಲಕ ಮೂಳೆಗೆ ಅಂಟಿಕೊಂಡಿರುತ್ತವೆ. ಹಿಮ್ಮಡಿಯ ಮೇಲೆ ಬೆರಳಿಟ್ಟರೆ ದಪ್ಪ ಹಗ್ಗದ ಹಾಗೆ ಸಿಗುತ್ತದಲ್ಲ, ಅದು ಮೀನಖಂಡವನ್ನು ಹಿಮ್ಮಡಿಗೆ ಕಟ್ಟಿದ ಹುರಿ.

ಹೃದಯದ ಸ್ನಾಯು ಬೇರೆ ಜಾತಿ. ಕರುಳು, ರಕ್ತನಾಳಗಳ ಗೋಡೆಯಲ್ಲಿರುವುದು ಇನ್ನೊಂದು ಜಾತಿ. ಇವೆರಡೂ ನಮ್ಮ ಮಾತು ಕೇಳುವುದಿಲ್ಲ, ತಮ್ಮ ಪಾಡಿಗೆ ದುಡಿಯುತ್ತವೆ. ಚಳಿಗೆ ರೋಮ ನಿಲ್ಲಿಸುವುದೂ ಪ್ರತಿ ಕೂದಲ ಬುಡದಲ್ಲಿರುವ ಇಂಥದೇ ಒಂದು ಪುಟ್ಟ ಸ್ನಾಯು. ಅವನ್ನು ಇಲ್ಲಿಗೇ ಬಿಡೋಣ. ನನ್ನ ತಕರಾರು ತೊಡೆಯದ್ದು.

ತೊಡೆಯ ಸ್ನಾಯು ಒಂದೇ ಮುದ್ದೆ ಅಲ್ಲ. ಬೇಯಿಸಿದ ಮಾಂಸವನ್ನು ಬೆರಳಿನಿಂದ ಬಿಡಿಸಿದರೆ ಎಳೆ ಎಳೆಯಾಗಿ ಬರುತ್ತದೆ. ಪಂದಿ ಕರಿ ಚೆನ್ನಾಗಿ ಬೆಂದಾಗ ಇದು ಎಲ್ಲರ ತಟ್ಟೆಯಲ್ಲೂ ಕಾಣುತ್ತದೆ. ಬೆರಳಿಗೆ ಸಿಗುವ ಆ ಒಂದು ಎಳೆ ನೂರಾರು ಸ್ನಾಯು ಕೋಶಗಳ ಕಟ್ಟು. ಒಂದೊಂದು ಕೋಶ ತಲೆಗೂದಲಿನಷ್ಟು ಅಥವಾ ಅದಕ್ಕಿಂತ ತೆಳು. ಆದರೆ ಉದ್ದ ಮಾತ್ರ ಕೆಲವು ಕಡೆ ಹಲವು ಇಂಚು. ಆ ಕೋಶವನ್ನು ಸೀಳಿದರೆ ಒಳಗೆ ಇನ್ನೂ ತೆಳುವಾದ ನಾರುಗಳು.

ಆ ನಾರೊಂದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬಿದಿರಿನ ನೆನಪಾಗುತ್ತದೆ. ಉದ್ದಕ್ಕೂ ಗೆಣ್ಣು, ಗೆಣ್ಣು, ಗೆಣ್ಣು. ಎರಡು ಗೆಣ್ಣಿನ ನಡುವಿನ ತುಂಡಿಗೆ ಸಾರ್ಕೊಮಿಯರ್ ಎಂದು ಹೆಸರು. ಒಂದು ಮಿಲಿಮೀಟರ್ ಉದ್ದದಲ್ಲಿ ಇಂಥ ಸುಮಾರು 400 ತುಂಡುಗಳು ಸಾಲಾಗಿ ನಿಂತಿರುತ್ತವೆ. ಸ್ನಾಯುವಿನ ಇಡೀ ವ್ಯವಹಾರ ನಡೆಯುವುದು ಈ ತುಂಡಿನ ಒಳಗೆ. ಅಲ್ಲಿ ಎರಡು ಬಗೆಯ ಎಳೆಗಳಿವೆ. ತೆಳುವಾದದ್ದು ಆಕ್ಟಿನ್, ಅದು ಗೆಣ್ಣಿಗೆ ಕಟ್ಟಿಕೊಂಡಿದೆ. ದಪ್ಪನೆಯದು ಮಯೋಸಿನ್, ಅದು ನಡುವೆ ಇದೆ. ಮಯೋಸಿನ್ ಎಳೆಯ ಮೈತುಂಬ ನೂರಾರು ಪುಟ್ಟ ಕೈಗಳು.

ಬಾವಿಯಿಂದ ನೀರು ಸೇದುವುದನ್ನು ನೆನಪು ಮಾಡಿಕೊಳ್ಳಿ. ಬಲಗೈ ಹಗ್ಗ ಹಿಡಿಯುತ್ತದೆ, ಎಳೆಯುತ್ತದೆ. ಎಡಗೈ ಮುಂದಕ್ಕೆ ಹೋಗಿ ಹಿಡಿಯುತ್ತದೆ. ಬಲಗೈ ಬಿಡುತ್ತದೆ, ಮತ್ತೆ ಮುಂದಕ್ಕೆ ಹೋಗಿ ಹಿಡಿಯುತ್ತದೆ. ಹಗ್ಗ ಗಿಡ್ಡ ಆಗುವುದಿಲ್ಲ, ಕೈಯೂ ಗಿಡ್ಡ ಆಗುವುದಿಲ್ಲ. ಆದರೂ ಕೊಡ ಮೇಲೆ ಬರುತ್ತದೆ. ಸ್ನಾಯುವಿನಲ್ಲೂ ಹೀಗೇ. ಮಯೋಸಿನ್ ಕೈಗಳು ಆಕ್ಟಿನ್ ಹಗ್ಗವನ್ನು ಹಿಡಿದು, ಎಳೆದು, ಬಿಟ್ಟು, ಮತ್ತೆ ಹಿಡಿಯುತ್ತವೆ. ಎರಡೂ ಕಡೆಯ ಗೆಣ್ಣುಗಳು ಹತ್ತಿರ ಬರುತ್ತವೆ. ಒಂದು ಸಲ ಎಳೆದರೆ ಹಗ್ಗ ಸರಿಯುವುದು ಮಿಲಿಮೀಟರಿನ ಲಕ್ಷದಲ್ಲೊಂದು ಭಾಗದಷ್ಟು. ಅದು ಏನೇನೂ ಅಲ್ಲ. ಆದರೆ ಸಾವಿರಾರು ತುಂಡುಗಳು ಸಾಲಾಗಿ ನಿಂತು ಒಟ್ಟಿಗೆ ಎಳೆದಾಗ ಆ ಏನೇನೂ ಅಲ್ಲದ್ದೇ ಸೇರಿ ಕಾಲು ಒಂದು ಮೆಟ್ಟಿಲು ಮೇಲೇರುತ್ತದೆ.

ಇದು ಗೊತ್ತಾದದ್ದು 1954ರಲ್ಲಿ. ಅದಕ್ಕೂ ಮುಂಚೆ, ಸ್ನಾಯುವಿನೊಳಗಿನ ಎಳೆಗಳು ತಾವೇ ಮಡಚಿ ಸುರುಟಿಕೊಳ್ಳುತ್ತವೆ ಎಂದು ತುಂಬ ಜನ ನಂಬಿದ್ದರು. ಆ ವರ್ಷದ ಮೇ ತಿಂಗಳಲ್ಲಿ 'ನೇಚರ್' ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ಲೇಖನ ಬಂದವು. ಒಂದು ಆಂಡ್ರ್ಯೂ ಹಕ್ಸ್ಲಿ ಮತ್ತು ರಾಲ್ಫ್ ನೀಡರ್‌ಗೆರ್ಕೆ ಅವರದು. ಇನ್ನೊಂದು ಹ್ಯೂ ಹಕ್ಸ್ಲಿ ಮತ್ತು ಜೀನ್ ಹ್ಯಾನ್ಸನ್ ಅವರದು. ಎಳೆಗಳು ಗಿಡ್ಡ ಆಗುವುದಿಲ್ಲ, ಒಂದರ ಪಕ್ಕ ಒಂದು ಜಾರುತ್ತವೆ ಎಂದು ಎರಡೂ ಹೇಳಿದವು. ಇಬ್ಬರು ಹಕ್ಸ್ಲಿಗಳು ಅಣ್ಣತಮ್ಮಂದಿರಲ್ಲ, ಸಂಬಂಧಿಕರೂ ಅಲ್ಲ. ವಿಜ್ಞಾನದ ವಿದ್ಯಾರ್ಥಿಗಳನ್ನು ಗೊಂದಲ ಮಾಡಲೆಂದೇ ಹೀಗಾಯಿತೇನೋ ಅನಿಸುತ್ತದೆ.

ಹಿಡಿಯುವುದು, ಎಳೆಯುವುದು, ಬಿಡುವುದು. ಇದರಲ್ಲಿ ಶಕ್ತಿ ಬೇಕಾಗುವುದು ಎಲ್ಲಿ? ಎಳೆಯಲು ಅಂತ ಯಾರಾದರೂ ಹೇಳುತ್ತಾರೆ. ಬಿಡಲೂ ಬೇಕು ಎಂಬುದು ನನಗೆ ತುಂಬ ಇಷ್ಟವಾದ ಸಂಗತಿ. ಮಯೋಸಿನ್ ಕೈ ಹಗ್ಗವನ್ನು ಬಿಡಬೇಕಾದರೆ ಎಟಿಪಿ ಎಂಬ ಕಣವೊಂದು ಬಂದು ಆ ಕೈಗೆ ಕೂರಬೇಕು. ಬಿಟ್ಟ ಮೇಲೆ ಆ ಎಟಿಪಿ ಒಡೆದು ಕೊಡುವ ಶಕ್ತಿಯಿಂದಲೇ ಕೈ ಮತ್ತೆ ಎಳೆಯಲು ಸಜ್ಜಾಗುತ್ತದೆ. ಎಟಿಪಿ ಇಲ್ಲದಿದ್ದರೆ ಹಿಡಿದದ್ದು ಹಿಡಿದ ಹಾಗೇ.

ಇದರ ಸಾಕ್ಷಿ ನಮ್ಮೂರಲ್ಲಿ ಎಲ್ಲರೂ ನೋಡಿರುತ್ತಾರೆ. ಹಬ್ಬಕ್ಕೋ ಮದುವೆಗೋ ಹಂದಿ ಕಡಿದಾಗ ಮೊದಮೊದಲು ಮಾಂಸ ಮೆತ್ತಗಿರುತ್ತದೆ. ಬಿಸಿಯಿರುವ ತುಂಡು ಕೆಲವೊಮ್ಮೆ ಹಲಗೆಯ ಮೇಲೇ ಅದುರುತ್ತದೆ. ಚಿಕ್ಕವನಿದ್ದಾಗ ಅದನ್ನು ನೋಡಿ ಒಳಗೆ ಓಡಿದ್ದೆ. ಹಾಗೇ ಬಿಟ್ಟರೆ ಕೆಲವು ಗಂಟೆಯಲ್ಲಿ ಕಾಲು ಮರದ ಕೊರಡಿನ ಹಾಗೆ ಸೆಟೆದು ನಿಲ್ಲುತ್ತದೆ. ಉಸಿರಿಲ್ಲ, ರಕ್ತ ಓಡುತ್ತಿಲ್ಲ, ಹೊಸ ಎಟಿಪಿ ಹುಟ್ಟುತ್ತಿಲ್ಲ. ಇದ್ದದ್ದು ಮುಗಿದ ಮೇಲೆ ಕೋಟಿಗಟ್ಟಲೆ ಮಯೋಸಿನ್ ಕೈಗಳು ಹಗ್ಗ ಹಿಡಿದೇ ಉಳಿದುಬಿಡುತ್ತವೆ. ಸತ್ತ ಮನುಷ್ಯರ ಮೈ ಸೆಟೆಯುವುದೂ ಇದೇ ಕಾರಣಕ್ಕೆ. ಆಮೇಲೆ ಮಾಂಸದೊಳಗಿನ ಕಿಣ್ವಗಳು ಎಳೆಗಳನ್ನೇ ಅಲ್ಲಲ್ಲಿ ಕತ್ತರಿಸುತ್ತವೆ, ಮತ್ತೆ ಮೆದುವಾಗುತ್ತದೆ. ಮಾಂಸವನ್ನು ಒಂದು ದಿನ ಇಟ್ಟು ಮಾಡಿದರೆ ಬೇಗ ಬೇಯುತ್ತದೆ ಎಂದು ಅವ್ವ ಹೇಳುವುದು ಸುಮ್ನೆ ಅಲ್ಲ.

ಎಟಿಪಿ ಗೋದಾಮಿನಲ್ಲಿ ತುಂಬಿಡುವ ಸರಕಲ್ಲ. ಸ್ನಾಯುವಿನಲ್ಲಿ ಇರುವುದು ಕೆಲವೇ ಸೆಕೆಂಡಿನ ಓಟಕ್ಕೆ ಸಾಲುವಷ್ಟು. ಖರ್ಚಾದ ಹಾಗೇ ಮಾಡುತ್ತಿರಬೇಕು. ಕ್ರಿಯಾಟಿನ್ ಫಾಸ್ಫೇಟ್ ಎಂಬ ಇನ್ನೊಂದು ಕೈಗಂಟು ಇದೆ, ಅದು ಹತ್ತು ಸೆಕೆಂಡಿನ ಹತ್ತಿರ ಎಳೆಯುತ್ತದೆ. ಆಮೇಲೆ ಸಕ್ಕರೆ ಒಡೆಯಬೇಕು. ಆಮ್ಲಜನಕ ಸಾಕಷ್ಟು ಬಂದರೆ ಪೂರ್ತಿ ಒಡೆಯುತ್ತದೆ, ಕೊಬ್ಬನ್ನೂ ಉರಿಸಬಹುದು. ಏರಿನಲ್ಲಿ ನಾನು ಏದುಸಿರು ಬಿಟ್ಟದ್ದು ಈ ಆಮ್ಲಜನಕಕ್ಕಾಗಿ. ಇಷ್ಟೆಲ್ಲ ಉರಿಸಿದರೂ ನಾಲ್ಕರಲ್ಲಿ ಒಂದು ಪಾಲು ಮಾತ್ರ ಕೆಲಸವಾಗುತ್ತದೆ. ಮಿಕ್ಕದ್ದೆಲ್ಲ ಶಾಖ. ಜುಲೈ ತಿಂಗಳ ಮಡಿಕೇರಿ ಮಳೆಯಲ್ಲಿ ನೆನೆದು ಬಂದಾಗ ಹಲ್ಲು ಕಟಕಟ ಅನ್ನುತ್ತದಲ್ಲ, ಆಗ ಮೈ ಈ ಶಾಖಕ್ಕೋಸ್ಕರವೇ ಸ್ನಾಯುಗಳನ್ನು ಕುಣಿಸುತ್ತಿರುತ್ತದೆ.

ನಾಟಿ ಕೋಳಿ ತಿನ್ನುವವರಿಗೆ ಇನ್ನೊಂದು ಗೊತ್ತು. ಕಾಲಿನ ಮಾಂಸ ಕಪ್ಪು ಕೆಂಪು, ಎದೆಯದು ಬಿಳಿ. ಕೋಳಿ ದಿನವಿಡೀ ಕಾಲಿನ ಮೇಲೆ ಕೆದಕುತ್ತಾ ಓಡಾಡುತ್ತದೆ, ಹಾರುವುದು ನಾಯಿ ಬಂದಾಗ ಮಾತ್ರ. ನಿಧಾನಕ್ಕೆ, ತುಂಬ ಹೊತ್ತು ದುಡಿಯುವ ಎಳೆಗಳು, ಅಂದರೆ ಸ್ನಾಯು ಕೋಶಗಳು, ಆಮ್ಲಜನಕ ಕೂಡಿಡುವ ಕೆಂಪು ಪದಾರ್ಥ ಇಟ್ಟುಕೊಂಡಿರುತ್ತವೆ. ಗಕ್ಕನೆ ಎಗರಿ ಬೇಗ ಸೋಲುವ ಎಳೆಗಳಲ್ಲಿ ಅದು ಕಡಿಮೆ. ನಮ್ಮ ಸ್ನಾಯುಗಳಲ್ಲಿ ಎರಡೂ ಬೆರೆತಿವೆ.

ಈಗ, ಹಿಡಿ ಎಂದು ಅಪ್ಪಣೆ ಕೊಡುವುದು ಯಾರು? ಮಿದುಳಿನಿಂದ ಬೆನ್ನುಹುರಿಗೆ, ಅಲ್ಲಿಂದ ನರದ ಮೂಲಕ ಸುದ್ದಿ ಸ್ನಾಯುವಿಗೆ ಬರುತ್ತದೆ. ನರದ ತುದಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಚಿಮ್ಮಿಸುತ್ತದೆ. ಅದಕ್ಕೆ ಕೋಶ ಎಚ್ಚರವಾಗಿ ತನ್ನೊಳಗಿನ ಚೀಲಗಳಿಂದ ಕ್ಯಾಲ್ಸಿಯಂ ಬಿಡುತ್ತದೆ. ಆಕ್ಟಿನ್ ಹಗ್ಗದ ಮೇಲೆ ಹಿಡಿ ಸಿಗುವ ಜಾಗಗಳನ್ನು ಒಂದು ಪಟ್ಟಿ ಮುಚ್ಚಿಕೊಂಡಿರುತ್ತದೆ. ಕ್ಯಾಲ್ಸಿಯಂ ಬಂದರೆ ಪಟ್ಟಿ ಸರಿಯುತ್ತದೆ, ಕೈಗಳು ಹಿಡಿಯುತ್ತವೆ. ಸುದ್ದಿ ನಿಂತರೆ ಕ್ಯಾಲ್ಸಿಯಂ ವಾಪಸ್ ಚೀಲಕ್ಕೆ. ಅದನ್ನು ಒಳಗೆ ಸೆಳೆಯಲೂ ಎಟಿಪಿ ಬೇಕು. ಸ್ನಾಯು ಸಡಿಲವಾಗುವುದು ಅಂದರೆ ಸುಮ್ಮನಿರುವುದಲ್ಲ, ಅದೂ ಖರ್ಚಿನ ಬಾಬತ್ತೇ.

ಒಂದು ನರ ಒಂದೇ ಎಳೆಗೆ ಹೋಗುವುದಿಲ್ಲ. ಕಣ್ಣನ್ನು ತಿರುಗಿಸುವ ಸ್ನಾಯುವಿನಲ್ಲಿ ಒಂದು ನರತಂತುವಿನ ಕೈಕೆಳಗೆ ಹತ್ತಿಪ್ಪತ್ತು ಎಳೆಗಳಿದ್ದರೆ, ತೊಡೆಯಲ್ಲಿ ಸಾವಿರದ ಹತ್ತಿರ ಇರುತ್ತವೆ. ತೋಟದ ಮೇಸ್ತ್ರಿಯ ಹಾಗೆ. ಮೇಸ್ತ್ರಿ ಕೂಗಿದರೆ ಅವನ ತಂಡದ ಎಲ್ಲರೂ ಎಳೆಯಬೇಕು, ಅರ್ಧ ಜನ ಕೂರುವ ಹಾಗಿಲ್ಲ. ಕೆಲಸ ಜಾಸ್ತಿ ಇದ್ದರೆ ಮಿದುಳು ಜಾಸ್ತಿ ಮೇಸ್ತ್ರಿಗಳನ್ನು ಕರೆಯುತ್ತದೆ. ಎಷ್ಟು ಜನ ಬೇಕು ಎಂದು ಮೊದಲೇ ಅಂದಾಜು ಮಾಡಿರುತ್ತದೆ ಕೂಡ. ತುಂಬಿದ್ದು ಎಂದುಕೊಂಡು ಖಾಲಿ ಗ್ಯಾಸ್ ಸಿಲಿಂಡರ್ ಎತ್ತಿದ್ದೀರಾ? ಅದು ಎದೆ ಮಟ್ಟಕ್ಕೆ ಹಾರಿಬರುತ್ತದೆ. ಅಂದಾಜು ತಪ್ಪಿ ಅಷ್ಟೊಂದು ಜನರನ್ನು ಕರೆದದ್ದರ ಫಲ.

ಇನ್ನು ಬೆಟ್ಟ ಇಳಿಯೋಣ.

ಹತ್ತುವಾಗ ತೊಡೆಯ ಮುಂಭಾಗದ ಸ್ನಾಯು ಗಿಡ್ಡವಾಗುತ್ತಾ ಮಂಡಿಯನ್ನು ನೆಟ್ಟಗೆ ಮಾಡುತ್ತದೆ, ಮೈ ಮೇಲೇರುತ್ತದೆ. ಇಳಿಯುವಾಗಲೂ ಕೆಲಸ ಮಾಡುವುದು ಅದೇ ಸ್ನಾಯು. ಮುಂದಿನ ಕಾಲನ್ನು ಕೆಳಗಿಟ್ಟಾಗ ಇಡೀ ಮೈಯ ಭಾರ ಮಂಡಿಯನ್ನು ಮಡಚಲು ನೋಡುತ್ತದೆ. ಅದು ದಡಕ್ಕನೆ ಮಡಚಿದರೆ ನಾವು ಮುಗ್ಗರಿಸುತ್ತೇವೆ. ಹಾಗಾಗದಂತೆ ತೊಡೆ ಬ್ರೇಕ್ ಹಿಡಿಯುತ್ತದೆ. ಎಳೆಯುತ್ತಲೇ ಇರುತ್ತದೆ, ಆದರೆ ಭಾರ ಗೆಲ್ಲುತ್ತದೆ. ಹಾಗಾಗಿ ಸ್ನಾಯು ಎಳೆಯುತ್ತಲೇ ಉದ್ದವಾಗುತ್ತದೆ.

ಮತ್ತೆ ಬಾವಿಗೆ ಬನ್ನಿ. ತುಂಬಿದ ಕೊಡವನ್ನು ಸೇದುವ ಬದಲು ನಿಧಾನಕ್ಕೆ ಕೆಳಗೆ ಬಿಡಬೇಕು ಎಂದುಕೊಳ್ಳಿ. ಹಗ್ಗ ಹಿಡಿದಿದ್ದೀರಿ, ಆದರೆ ಅದು ಜಾರುತ್ತಿದೆ. ಉಸಿರು ಕಟ್ಟುವುದಿಲ್ಲ. ಆದರೆ ಅಂಗೈ ಉರಿಯುತ್ತದೆ, ಚರ್ಮ ಸುಲಿಯುತ್ತದೆ. ಮಯೋಸಿನ್ ಕೈಗಳ ಪಾಡೂ ಇದೇ. ಹಿಡಿದ ಹಗ್ಗವನ್ನು ಎಟಿಪಿ ಬಂದು ಬಿಡಿಸುವ ಮೊದಲೇ ಭಾರ ಕಿತ್ತುಕೊಂಡು ಹೋಗುತ್ತದೆ. ಎಟಿಪಿ ಖರ್ಚು ಕಡಿಮೆ, ಆಮ್ಲಜನಕ ಕಡಿಮೆ ಸಾಕು. ಹಿಡಿದು ನಿಲ್ಲುವ ಬಲ ಮಾತ್ರ ಹೆಚ್ಚು. ಹಾಗಾಗಿ ಮಿದುಳು ಕಡಿಮೆ ಮೇಸ್ತ್ರಿಗಳನ್ನು ಕರೆಯುತ್ತದೆ. ಕರೆದ ಕೆಲವೇ ಎಳೆಗಳ ಮೇಲೆ ಒಂದೊಂದಕ್ಕೂ ಜಾಸ್ತಿ ಭಾರ ಬೀಳುತ್ತದೆ.

ಇದನ್ನು 1952ರಲ್ಲಿ ಇಂಗ್ಲೆಂಡಿನ ಮೂವರು ಬಹಳ ಮಜವಾಗಿ ತೋರಿಸಿದರು. ಆಬಟ್, ಬಿಗ್‌ಲ್ಯಾಂಡ್, ರಿಚಿ ಎಂದು ಅವರ ಹೆಸರು. ಎರಡು ಸೈಕಲ್‌ಗಳನ್ನು ಬೆನ್ನಿಗೆ ಬೆನ್ನು ಮಾಡಿ ನಿಲ್ಲಿಸಿ ಒಂದೇ ಚೈನಿನಿಂದ ಜೋಡಿಸಿದರು. ಒಬ್ಬರು ಮುಂದಕ್ಕೆ ತುಳಿಯಬೇಕು. ಇನ್ನೊಬ್ಬರ ಪೆಡಲ್ ಹಿಂದಕ್ಕೆ ತಿರುಗುತ್ತದೆ, ಅವರು ಅದನ್ನು ತಡೆಯಬೇಕು. ಇಬ್ಬರ ಕಾಲಿನ ಮೇಲೂ ಒಂದೇ ಬಲ. ತುಳಿಯುವವನು ರಿಚಿ, ಆಳು ದೊಡ್ಡವನು. ತಡೆಯುವವರು ಬ್ರೆಂಡಾ ಬಿಗ್‌ಲ್ಯಾಂಡ್, ಸಣ್ಣ ಮೈಯ ಹೆಂಗಸು. ಸ್ವಲ್ಪ ಹೊತ್ತಿಗೆ ರಿಚಿ ಸುಸ್ತು, ಬಿಗ್‌ಲ್ಯಾಂಡ್ ಆರಾಮ. ಅಳೆದು ನೋಡಿದಾಗ ತಡೆಯುವವರಿಗೆ ಬೇಕಾದ ಆಮ್ಲಜನಕ ತುಂಬ ಕಡಿಮೆ ಇತ್ತು. ಬೆಟ್ಟ ಇಳಿಯುವಾಗ ನನಗೆ ಹರಟೆಗೆ ಉಸಿರು ಉಳಿದದ್ದು ಹೀಗೆ.

ಆ ಆರಾಮದ ಬಿಲ್ಲು ಆಮೇಲೆ ಬರುತ್ತದೆ. ಭಾರಕ್ಕೆ ಕೆಲವು ತುಂಡುಗಳು ಮಿತಿ ಮೀರಿ ಎಳೆದುಹೋಗುತ್ತವೆ. ಬಿದಿರಿನ ಗೆಣ್ಣು ಓರೆಯಾದ ಹಾಗೆ ಸಾರ್ಕೊಮಿಯರ್‌ಗಳ ಗಡಿ ಅಲ್ಲಲ್ಲಿ ಕದಡುತ್ತದೆ. ಕೋಶದ ಹೊದಿಕೆ ಬಿರಿಯುತ್ತದೆ. ಇದು ಸ್ನಾಯು ಹರಿದುಹೋಗುವಷ್ಟು ದೊಡ್ಡ ಪೆಟ್ಟಲ್ಲ. ಆ ಕ್ಷಣಕ್ಕೆ ಗೊತ್ತೂ ಆಗುವುದಿಲ್ಲ. ಮುಂದಿನ ಒಂದೆರಡು ದಿನ ರಿಪೇರಿಯ ಕೆಲಸ ನಡೆಯುತ್ತದೆ. ರಕ್ತದಿಂದ ಕೋಶಗಳು ಬಂದು ಮುರಿದದ್ದನ್ನು ತೆಗೆಯುತ್ತವೆ, ನೀರು ತುಂಬಿ ಸ್ವಲ್ಪ ಊದುತ್ತದೆ, ಆಗ ಹುಟ್ಟುವ ರಾಸಾಯನಿಕಗಳು ನೋವಿನ ನರಗಳನ್ನು ಕೆರಳಿಸುತ್ತವೆ. ಅದಕ್ಕೇ ನೋವು ಜೋರಾಗುವುದು 24 ಗಂಟೆಯಿಂದ 72 ಗಂಟೆಯ ನಡುವೆ. ಕೆರಳಿದ ಸ್ನಾಯು ಸುಮ್ಮನಿದ್ದಾಗ ಅಷ್ಟು ನೋಯುವುದಿಲ್ಲ. ಭಾರದಲ್ಲಿ ಹಿಗ್ಗಿಸಿದರೆ ಕೂಗುತ್ತದೆ. ಮೆಟ್ಟಿಲು ಇಳಿಯುವುದು ಅಂದರೆ ಅದೇ ತಾನೆ?

"ಲ್ಯಾಕ್ಟಿಕ್ ಆಮ್ಲ ಸೇರಿಕೊಂಡಿದೆ, ಅದಕ್ಕೇ ನೋವು" ಎಂದು ಜಿಮ್‌ನಲ್ಲೂ ಆಟದ ಮೈದಾನದಲ್ಲೂ ಇನ್ನೂ ಹೇಳುತ್ತಾರೆ. ಈ ಮಾತು ಸರಿಯಲ್ಲ. ಜೋರು ಕೆಲಸ ಮಾಡಿದಾಗ ಹೆಚ್ಚಾಗುವ ಲ್ಯಾಕ್ಟಿಕ್ ಆಮ್ಲ ಒಂದೆರಡು ಗಂಟೆಯೊಳಗೆ ಇಳಿದುಹೋಗಿರುತ್ತದೆ. ಮಂಗಳವಾರದ ತನಕ ಅದು ಕಾಯುತ್ತಾ ಕೂರುವುದಿಲ್ಲ. ಅದೂ ಅಲ್ಲದೆ ಅದು ಜಾಸ್ತಿ ಹುಟ್ಟುವುದು ಹತ್ತುವಾಗ. ನೋವು ತಂದದ್ದು ಇಳಿದದ್ದು. ಹೀಗೆ ತಡವಾಗಿ ಬರುವ ನೋವಿಗೆ ಕಾರಣ ಸ್ನಾಯುವಿನೊಳಗೆ ಸಣ್ಣದಾಗಿ ಹರಿದದ್ದಿರಬಹುದು ಎಂದು ಥಿಯೋಡರ್ ಹಫ್ ಎಂಬಾತ 1902ರಲ್ಲೇ ಬರೆದಿದ್ದ. ನೂರು ವರ್ಷ ದಾಟಿದರೂ ಆಮ್ಲದ ಕಥೆ ಸಾಯಲಿಲ್ಲ.

ನಮ್ಮ ಕಡೆ ಈ ನೋವಿಗೆ ಒಂದು ಋತುವೇ ಇದೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರು ಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬ ಬೇಸಿಗೆಯಲ್ಲಿ ನಡೆಯುತ್ತದೆ. ವರ್ಷವಿಡೀ ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂತವರು ಸ್ಟಿಕ್ ಹಿಡಿದು ಮನೆತನದ ಮರ್ಯಾದೆಗೆ ಇಳಿಯುತ್ತಾರೆ. ಹಾಕಿಯಲ್ಲಿ ಓಡುವುದಕ್ಕಿಂತ ಕೆಟ್ಟದ್ದು ಗಕ್ಕನೆ ನಿಲ್ಲುವುದು, ಬಗ್ಗಿದ ಮಂಡಿಯಲ್ಲೇ ತಿರುಗುವುದು. ಪ್ರತಿ ಸಲ ನಿಂತಾಗಲೂ ತೊಡೆ ಬ್ರೇಕ್ ಹಿಡಿಯುತ್ತದೆ. ಆಟ ಆಡಿ ಎರಡು ದಿನ ಆದ ಮೇಲೆ ಈ ಮಾವಂದಿರು ಕುರ್ಚಿಯಲ್ಲಿ ಕೂರುವ ಚಂದ ನೋಡಬೇಕು. ಎರಡು ಕೈಯಲ್ಲೂ ಹಿಡಿ ಹಿಡಿದು, ಕೊನೆಯ ಅರ್ಧ ಅಡಿ ಹಾಗೇ ಬಿದ್ದುಬಿಡುತ್ತಾರೆ.

ಹಾಗಾದರೆ ತೋಟದ ಹುಡುಗ? ಅವನ ಸ್ನಾಯು ಹುಟ್ಟಿನಿಂದ ಬೇರೆಯಲ್ಲ. ಒಂದು ಸಲ ಹೀಗೆ ಪೆಟ್ಟು ತಿಂದ ಸ್ನಾಯು ಬೇಗ ಪಾಠ ಕಲಿಯುತ್ತದೆ. ಅದೇ ಕೆಲಸವನ್ನು ಕೆಲವು ವಾರದೊಳಗೆ ಮತ್ತೆ ಮಾಡಿದರೆ ನೋವು ತುಂಬ ಕಡಿಮೆ, ಹಾನಿಯೂ ಕಡಿಮೆ. ಎಳೆಗಳ ಸುತ್ತಲಿನ ಹೊದಿಕೆ ಗಟ್ಟಿಯಾಗುತ್ತದೆ, ಭಾರವನ್ನು ಹೆಚ್ಚು ಎಳೆಗಳಿಗೆ ಹಂಚಲು ನರಗಳೂ ಕಲಿಯುತ್ತವೆ. ಸ್ನಾಯು ಕೋಶದ ಪಕ್ಕದಲ್ಲೇ ಮಲಗಿರುವ ಸಹಾಯಕ ಕೋಶಗಳು ಎದ್ದು ರಿಪೇರಿಗೆ ಬರುತ್ತವೆ. ಇವನ್ನು ಮೊದಲು ಗುರುತಿಸಿದ್ದು 1961ರಲ್ಲಿ, ಅಲೆಕ್ಸಾಂಡರ್ ಮೌರೊ. ಹುಡುಗ ದಿನಾ 50 ಕಿಲೋ ಚೀಲ ಹೊತ್ತು ಇಳಿಜಾರು ಇಳಿಯುತ್ತಾನೆ. ಅವನ ತೊಡೆಗೆ ತಡಿಯಂಡಮೋಳ್ ಹೊಸದೇನೂ ಅಲ್ಲ.

ನೋವಿದ್ದಾಗ ಏನು ಮಾಡಬೇಕು ಅಂದರೆ, ಹೆಚ್ಚೇನೂ ಇಲ್ಲ. ಪೂರ್ತಿ ಮಲಗುವುದಕ್ಕಿಂತ ಸಮತಟ್ಟು ನೆಲದಲ್ಲಿ ಸ್ವಲ್ಪ ಓಡಾಡಿದರೆ ಹಾಯೆನಿಸುತ್ತದೆ. ಬಿಸಿನೀರಿನ ಸ್ನಾನವೂ ಸರಿ. ನಾಲ್ಕೈದು ದಿನದಲ್ಲಿ ತಾನಾಗಿ ಹೋಗುತ್ತದೆ. ಆದರೆ ಮೂತ್ರ ಕಪ್ಪು ಕಾಫಿಯ ಬಣ್ಣಕ್ಕೆ ತಿರುಗಿದರೆ, ಕಾಲು ವಿಪರೀತ ಊದಿದರೆ ಆ ದಿನವೇ ಡಾಕ್ಟರ ಹತ್ತಿರ ಹೋಗಬೇಕು. ಸ್ನಾಯು ತುಂಬ ಒಡೆದು ಅದರ ಕೆಂಪು ಪದಾರ್ಥ ರಕ್ತಕ್ಕೆ ಸೇರಿದರೆ ಕಿಡ್ನಿ ಕೆಡಬಹುದು.

ಮೂರು ವಾರ ಬಿಟ್ಟು ನಾನು ಮತ್ತೆ ಅದೇ ಬೆಟ್ಟ ಹತ್ತಿ ಇಳಿದೆ. ಏರಿನಲ್ಲಿ ಹಿಂದಿನಷ್ಟೇ ಏದುಸಿರು. ಆದರೆ ಎರಡು ದಿನ ಬಿಟ್ಟು ಮಂಗಳವಾರ ಬೆಳಿಗ್ಗೆ, ಕೈಯಲ್ಲಿ ಕಾಫಿ ಲೋಟ ಹಿಡಿದುಕೊಂಡೇ ಜಗಲಿ ಇಳಿದೆ. ಹುಡುಗನಿಗೆ ತೋರಿಸಲೆಂದು ಎರಡು ಸಲ ಇಳಿದೆ. ಜಂಬ ಜಾಸ್ತಿಯಾಗಿ, ಅವತ್ತು ಸಂಜೆ ಜೀಪಿನಿಂದ ಗೊಬ್ಬರದ ಚೀಲ ಇಳಿಸಲು ನಾನೂ ಕೈ ಹಾಕಿದೆ. ಹತ್ತು ಚೀಲ, ಒಂದೊಂದನ್ನೂ ತಬ್ಬಿ ಹಿಡಿದು ನಿಧಾನಕ್ಕೆ ನೆಲಕ್ಕೆ.

ಗುರುವಾರ ತಲೆ ಬಾಚಲು ಕೈ ಎತ್ತಲಾಗಲಿಲ್ಲ.